ಕಾರಿನ ಸ್ಟೀರಿಯೋ ಹೋದ್ರೆ ಹೋಗ್ಲಿ, ಹಳೇ ಫೋನ್ ಎಲ್ಲಿಟ್ಟಿದ್ದೀರಿ?

ಕಾರಿನ ಸ್ಟೀರಿಯೋ ಕೆಟ್ಟೋದ್ರೆ ದೊಡ್ಡ ಸ್ಕ್ರೀನ್ ಹಾಕಿಸ್ಬೇಡಿ ಕಣ್ರಮ್ಮ. ಸೀಟಿನ ಕೆಳಗೊಂದು ಸಣ್ಣ ಆಂಪ್ಲಿಫೈಯರು, ಬೀರುವಿನಲ್ಲಿ ಸುಮ್ನೆ ಬಿದ್ದಿರೋ ಹಳೇ ಫೋನು, ಇಷ್ಟು ಸಾಕು. ನಮ್ಮನೆ ಹಳೇ ಮಾರುತಿ 800ಗೆ ಹಂಗೇ ಮಾಡ್ಸಿ ವರ್ಷ ದಾಟ್ತು. ಪೀಣ್ಯದ ಪಕ್ಕದ್ಮನೆಯೋರಿಂದ ಹಿಡಿದು ವೈಟ್‌ಫೀಲ್ಡ್ ನಾದಿನಿವರೆಗೂ ಎಲ್ರೂ ಕೇಳೋದು ಒಂದೇ: "ಅದೇನ್ರೀ, ಡ್ಯಾಶ್‌ಬೋರ್ಡಲ್ಲಿ ತೂತು ಬಿಟ್ಕೊಂಡಿದ್ದೀರಿ?" ಆ ತೂತಲ್ಲಿ ಈಗ ಪಾರ್ಕಿಂಗ್ ಚೀಟಿ, ಕನ್ನಡಕ, ಮಗುವಿನ ಬಿಸ್ಕತ್ತು ಎಲ್ಲಾ ಕೂತ್ಕೊಳ್ತವೆ. ಕೇಳಿದೋರಿಗೆಲ್ಲ ಒಂದೇ ಸಲ ಹೇಳ್ಬಿಡೋಣ ಅಂತ ಬರೀತಿದೀನಿ.

ಮೊದಲ್ನೇದು, ಗಾಡಿ ವಿಚಾರ ಗಂಡಸ್ರದ್ದು ಅಂತ ಬಿಟ್ಟಾಕ್ಬೇಡಿ. ಎಲೆಕ್ಟ್ರಾನಿಕ್ ಸಿಟಿಗೆ 2010ರಲ್ಲೇ ಹತ್ತು ಕಿಲೋಮೀಟರಿನ ಮೇಲ್ಸೇತುವೆ ಬಂತು, ಪೀಣ್ಯಕ್ಕೆ 2014ರಲ್ಲಿ ಮೆಟ್ರೋ ಬಂತು, ವೈಟ್‌ಫೀಲ್ಡಿಗೆ 2023ರಲ್ಲಿ ಬಂತು. ಆದ್ರೂ ಅತ್ತೆ, ಮಕ್ಳು, ಊರಿಂದ ತಂದ ಮೂಟೆ ಎಲ್ಲಾ ಕಟ್ಕೊಂಡು ಹೊರಡೋವಾಗ ಕಾರೇ ಗತಿ. ತುಮಕೂರು ರಸ್ತೇಲೋ ಸಿಲ್ಕ್ ಬೋರ್ಡಲ್ಲೋ ಗಂಟೆಗಟ್ಲೆ ಕೂರೋರು ನಾವೂನೂ. ಕಾರೊಳಗೆ ಏನು ಕೇಳ್ಬೇಕು ಅನ್ನೋದ್ರಲ್ಲಿ ನಮ್ಗೂ ಪಾಲೈತೆ.

ಸ್ಟೀರಿಯೋ ಅನ್ನೋದು ಮಾಡೋದು ಮೂರೇ ಕೆಲ್ಸ. ಹಾಡು ತರ್ತದೆ, ಸದ್ದು ಏರಿಸಿ ಇಳಿಸ್ತದೆ, ಆಮೇಲೆ ಆ ಸದ್ದಿಗೆ ಶಕ್ತಿ ತುಂಬಿ ಸ್ಪೀಕರಿಗೆ ದಬ್ತದೆ. ಮೊದಲೆರಡು ಕೆಲ್ಸಾನ ಫೋನು ಈಗಾಗ್ಲೇ ಚೆನ್ನಾಗಿ ಮಾಡ್ತದೆ. ಫೋನಿಗೆ ಇಲ್ದೇ ಇರೋದು ಶಕ್ತಿ ಒಂದೇ. ಇಯರ್‌ಫೋನ್ ಓಡಿಸೋ ಕರೆಂಟಲ್ಲಿ ಬಾಗಿಲಿನ ಸ್ಪೀಕರ್ ಕದಲೋದಿಲ್ಲ. ಆ ಒಂದು ಕೆಲ್ಸಕ್ಕೆ ಆಂಪ್ಲಿಫೈಯರು. ಹಳೇ ಸ್ಪೀಕರ್ ಸರಿಯಾಗಿದ್ರೆ ಅವನ್ನೇ ಉಳಿಸ್ಕೊಳ್ಳಿ.

ಅಂಗಡೀಲಿ ಡಬ್ಬದ ಮೇಲೆ 1000 ವ್ಯಾಟ್ ಅಂತ ಬರ್ದಿದ್ರೆ ನಂಬ್ಬೇಡಿ. ಆಂಪ್ಲಿಫೈಯರಿನ ಬೆನ್ನಲ್ಲಿ ಚುಚ್ಚಿರೋ ಫ್ಯೂಸ್ ನೋಡಿ, ಅದು ಸುಳ್ಳು ಹೇಳೋಲ್ಲ. 20 ಆಂಪಿಯರ್ ಫ್ಯೂಸ್ ಅಂದ್ರೆ, ಕಾರಿನ 12 ವೋಲ್ಟಿಗೆ ಗುಣಿಸಿ, 240 ವ್ಯಾಟ್. ಅದು ಬ್ಯಾಟರಿಯಿಂದ ಎಳ್ಕೊಳ್ಳೋ ಲೆಕ್ಕ. ಅದ್ರಲ್ಲೂ ಒಂದಿಷ್ಟು ಬಿಸಿಯಾಗೇ ಹೋಗ್ತದೆ, ಮಿಕ್ಕಿದ್ದು ಸದ್ದು. 240 ಒಳಗೆ ಹೋದ ಕಡೆ 1000 ಹೊರಗೆ ಬರೋಕೆ ಅದೇನು ಅಕ್ಷಯಪಾತ್ರೆನಾ? ಸಣ್ಣ ಕಾರಿಗೆ ಒಂದೊಂದು ಸ್ಪೀಕರಿಗೆ ನಿಜವಾದ 20-30 ವ್ಯಾಟ್ ಬಂದ್ರೆ ಧಾರಾಳ. ಅದಕ್ಕಿಂತ ಜಾಸ್ತಿ ಇಟ್ರೆ ಹಿಂದಿಂದ ಬರೋ ಆಂಬುಲೆನ್ಸ್ ಸದ್ದೂ ಕೇಳಲ್ಲ.

ಇನ್ನು ಮೆಕ್ಯಾನಿಕ್ ಹತ್ರ ನಿಂತು ಕೇಳ್ಬೇಕಾದ್ದು ಮೂರು ಮಾತು. ಜೆ.ಸಿ. ರೋಡಾಗ್ಲಿ, ನಮ್ ಬೀದಿ ಗ್ಯಾರೇಜಾಗ್ಲಿ, ಕೇಳೇ ಕೇಳಿ.

ಒಂದು, ಬ್ಯಾಟರಿಯಿಂದ ಬರೋ ದಪ್ಪ ಕೆಂಪು ವೈರಿಗೆ ಬ್ಯಾಟರಿ ಪಕ್ಕದಲ್ಲೇ ಇನ್ನೊಂದು ಫ್ಯೂಸ್ ಹಾಕಿದಾನಾ? ಆ ವೈರು ಇಂಜಿನ್ ಕಡೆಯಿಂದ ತಗಡಿನ ತೂತಲ್ಲಿ ನುಗ್ಗಿ ಒಳಗೆ ಬರ್ತದೆ. ತೂತಿಗೆ ರಬ್ಬರ್ ಹಾಕದೆ ಬಿಟ್ರೆ ಅಲುಗಾಡಿ ಅಲುಗಾಡಿ ಸಿಪ್ಪೆ ಸವೀತದೆ, ತಗಡಿಗೆ ತಾಗ್ತದೆ. ಫ್ಯೂಸ್ ಇದ್ರೆ ಅದು ಹಾರೋಗ್ತದೆ. ಇಲ್ದಿದ್ರೆ ವೈರೇ ಕಾದು ಬೆಂಕಿ. ಆಂಪ್ಲಿಫೈಯರಿನ ಬೆನ್ನಲ್ಲಿರೋ ಫ್ಯೂಸ್ ಈ ವೈರನ್ನ ಕಾಯೋಲ್ಲ. ಹಿಂದಿನ ಸೀಟಲ್ಲಿ ಮಕ್ಳು ಮಲಗಿರ್ತಾವೆ, ಇದನ್ನ ಮಾತ್ರ ಯಾರ ಮಾತಿಗೂ ಬಿಟ್ಕೊಡ್ಬೇಡಿ.

ಎರಡು, ಚಾವಿ ತೆಗೆದ್ರೆ ಆಂಪ್ಲಿಫೈಯರು ಆರ್ತದಾ? ಮುಂಚೆ ಸ್ಟೀರಿಯೋನೇ ಅದಕ್ಕೆ "ಏಳು, ಮಲಗು" ಅಂತ ಒಂದು ತೆಳ್ಳನೆ ವೈರಲ್ಲಿ ಹೇಳ್ತಿತ್ತು. ಈಗ ಹೇಳೋರಿಲ್ಲ. ಕೆಲವ್ರು ಆ ವೈರನ್ನ ನೇರ ಬ್ಯಾಟರಿಗೇ ಕಟ್ಬಿಡ್ತಾರೆ. ಮಾರುತಿ 800ರ ಬ್ಯಾಟರಿ 35 ಆಂಪಿಯರ್-ಅವರ್. ಹಾಡಿಲ್ದೆ ಸುಮ್ನೆ ಕೂತಿದ್ರೂ ಆಂಪ್ಲಿಫೈಯರು ಗಂಟೆಗೆ ಒಂದು ತಿಂತು ಅಂತಿಟ್ಕೊಳ್ಳಿ, 35 ಗಂಟೇಲಿ ಖಾಲಿ. ಶುಕ್ರವಾರ ರಾತ್ರಿ ನಿಲ್ಸಿದ ಗಾಡಿ ಭಾನುವಾರ ಮದುವೆಗೆ ಹೊರಡೋ ಹೊತ್ತಿಗೆ ಕಿಕ್ ಅನ್ನೋಲ್ಲ. ಚಾವಿ ತಿರುಗಿಸಿದ್ರೆ ಮಾತ್ರ ಕರೆಂಟ್ ಬರೋ ವೈರಿಗೇ ಕಟ್ಟಿಸಿ.

ಮೂರು, ಫೋನ್ ಚಾರ್ಜಿಗೆ ಹಾಕಿದಾಗ ಕುಯ್ ಅಂತ ಸದ್ದು ಬರ್ತದಾ? ಆಕ್ಸಿಲರೇಟರ್ ಒತ್ತಿದಂಗೆ ಅದೂ ಏರಿದ್ರೆ ಇಂಜಿನ್ನಿನ ಕರೆಂಟಿನ ಸದ್ದು ಹಾಡಿನ ವೈರಿಗೆ ಸೇರ್ತಿದೆ ಅಂತ. ಭೂಮಿ ವೈರನ್ನ ಬಣ್ಣ ಕೆರೆದ ಬರೀ ಲೋಹಕ್ಕೆ ಗಟ್ಟಿಯಾಗಿ ಬಿಗಿಸಿದ್ರೆ ಎಷ್ಟೋ ಸಲ ಸರಿಹೋಗ್ತದೆ. ಇಲ್ಲಾಂದ್ರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಬೆರಳುದ್ದದ್ದು ಸಿಗ್ತದೆ, ಎಸ್.ಪಿ. ರೋಡಲ್ಲಿ ಕೇಳಿ.

ಇಷ್ಟು ವೈರಿನ ಮಾತು. ನಂಗೆ ನಿಜವಾಗಿ ಹೇಳ್ಬೇಕಾಗಿರೋದು, ಯಾರ ಫೋನು ಅನ್ನೋದು.

ಗಾಡಿ ಶುರುವಾದ್ ತಕ್ಷಣ ಬ್ಲೂಟೂತ್ ಹೋಗಿ ಕಚ್ಕೊಳ್ಳೋದು ಯಾರ ಫೋನಿಗೆ? ಯಜಮಾನ್ರ ಫೋನಿಗೆ. ಹಾಡು ಅವರ್ದು, ನಡುವೆ ಬರೋ ಆಫೀಸ್ ಮೀಟಿಂಗೂ ಅವರ್ದು. ನಾವೆಲ್ಲ ಬಾಯಿ ಮುಚ್ಕೊಂಡು ಕೂರ್ಬೇಕು, ಮಗು ಅತ್ರೆ ಕಣ್ಣು ಬಿಡ್ತಾರೆ. ನಮ್ಮ ಫೋನ್ ಹಾಕಿದ್ರೋ, ಅದು ಇನ್ನೊಂದು ಕಥೆ. ನಮ್ಮ ಚಿಕ್ಕಪ್ಪನ ಮಗಳು ಹೊಸೂರು ರಸ್ತೇಲಿ ಹೋಗ್ತಿದ್ದಾಗ ಅವಳ ಅಮ್ಮನ ಫೋನು. "ಏನಮ್ಮಾ, ನಿಮ್ಮತ್ತೆ ಇನ್ನೂ ಊರಿಗೆ ಹೊರಟಿಲ್ವಾ?" ನಾಲ್ಕೂ ಸ್ಪೀಕರಲ್ಲಿ ಮೊಳಗ್ತು. ಅತ್ತೆ ಹಿಂದೇನೇ ಕೂತಿದ್ರು. ಇದಾದ್ರೆ ನಗಬಹುದು. ಡಾಕ್ಟ್ರು ರಿಪೋರ್ಟ್ ಹೇಳೋಕೆ ಮಾಡಿದ್ರೆ? ತಂಗಿ ಅಳ್ತಾ ಮಾಡಿದ್ರೆ? ಹೆಣ್ಮಕ್ಳಿಗೆ ಸ್ವಂತದ್ದು ಅಂತ ಇರೋ ಜಾಗಾನೇ ಕಮ್ಮಿ. ಫೋನಿನೊಳಗಿನ ಜಾಗ ಅದ್ರಲ್ಲಿ ಒಂದು. ಅದನ್ನ ಡ್ಯಾಶ್‌ಬೋರ್ಡ್ ಮೇಲೆ ಹರವಿ ಕೂರೋದು ನಂಗಂತೂ ಬೇಡ.

ಅದಕ್ಕೇ ಹಳೇ ಫೋನು. ಸಿಮ್ ತೆಗೆದು ಹಾಕಿ, ಕಾರಿಗೆ ಅಂತಾನೇ ಮೀಸಲಿಡಿ. ಕರೆ ಬರೋಲ್ಲ, ವಾಟ್ಸಾಪ್ ಕುಣಿಯೋಲ್ಲ, ಅದು ಯಾರಪ್ಪನ ಮನೇದೂ ಅಲ್ಲ. ಹಾಡೊಂದಕ್ಕೆ 5 ಎಂಬಿ ಅಂದ್ರೂ 32 ಜಿಬಿ ಕಾರ್ಡಲ್ಲಿ 6000 ಹಾಡು ಹಿಡೀತವೆ. ಮನೇಲಿರೋ ಸೀಡಿಗಳನ್ನ ಕಂಪ್ಯೂಟರಿಗೆ ಇಳಿಸಿ ಅದಕ್ಕೆ ತುಂಬಿ. ಅತ್ತೆಗೊಂದು ಫೋಲ್ಡರು, ಮಕ್ಳಿಗೊಂದು, ನಿಮಗೊಂದು. ಸರದಿ ಪ್ರಕಾರ ಹಾಕಿದ್ರೆ ಜಗಳಾನೂ ಇಲ್ಲ. ಒಂದು ಎಚ್ಚರ: ಬಿಸಿಲಲ್ಲಿ ನಿಂತ ಕಾರಲ್ಲಿ ಫೋನ್ ಬಿಟ್ಟು ಹೋಗ್ಬೇಡಿ. ಐಫೋನ್ ಮಾಡೋರೇ 45 ಡಿಗ್ರಿ ದಾಟಿದ ಕಡೆ ಇಡ್ಬೇಡಿ ಅಂತಾರೆ. ಮುಚ್ಚಿದ ಕಾರು ಬೇಸಿಗೇಲಿ ಸುಲಭವಾಗಿ ಅದನ್ನ ದಾಟ್ತದೆ, ಬ್ಯಾಟರಿ ಊದ್ಕೊಳ್ತದೆ. ಇಳಿಯೋವಾಗ ಕೈಚೀಲಕ್ಕೆ ಹಾಕ್ಕೊಳ್ಳಿ.

ಓಡಿಸೋರು ಆ ಫೋನ್ ಮುಟ್ಟಬಾರ್ದು, ಪಕ್ಕದಲ್ಲಿ ಕೂತೋರ ಕೆಲ್ಸ ಅದು. 2019ರಲ್ಲಿ ಕಾಯ್ದೆ ತಿದ್ದಿದಾಗ ಓಡಿಸ್ತಾ ಕೈಯಲ್ಲಿ ಫೋನ್ ಬಳಸೋದನ್ನ ಅಪಾಯದ ಚಾಲನೆಗೇ ಸೇರಿಸಿದ್ರು. 2020ರ ಅಕ್ಟೋಬರಿಂದ ದಾರಿ ನೋಡೋಕೆ ಮಾತ್ರ, ಅದೂ ಗಮನ ಕೆಡದಂಗೆ, ಬಳಸ್ಬಹುದು ಅಂದ್ರು. ಹಾಡು ಬದಲಾಯಿಸೋಕೆ ಅಂತ ಎಲ್ಲೂ ಹೇಳಿಲ್ಲ. ಹಳೇ ಸ್ಟೀರಿಯೋದ ಗುಂಡಿ ಕಣ್ಣು ಕೀಳದೆ ಕೈಗೆ ಸಿಗ್ತಿತ್ತು, ಅದೊಂದು ನಷ್ಟ ನಿಜ. ಆಂಪ್ಲಿಫೈಯರಿಗೆ ವೈರಿನ ಸಣ್ಣ ವಾಲ್ಯೂಮ್ ಗುಂಡಿ ಇರೋದನ್ನೇ ಆರಿಸ್ಕೊಳ್ಳಿ.

ಇನ್ನೊಂದು ನಷ್ಟ ರೇಡಿಯೋ. ಇದನ್ನ ಸುಮ್ನೆ ತಳ್ಳಿಹಾಕೋಕೆ ನಂಗಾಗಲ್ಲ. ಆಕಾಶವಾಣಿ ಅನ್ನೋ ಹೆಸರೇ ನಮ್ಮ ಮೈಸೂರಿಂದು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯೋರು ತಮ್ಮ ಮನೇಲೇ ಶುರುಮಾಡಿದ ಕೇಂದ್ರದ ಹೆಸರದು, ಆಮೇಲೆ ದೇಶಕ್ಕೇ ಹೋಯ್ತು. ನಮ್ಮತ್ತೆಗೆ 102.9ರ ವಿವಿಧ ಭಾರತಿ ಇಲ್ದೆ ಪ್ರಯಾಣ ಪ್ರಯಾಣನೇ ಅಲ್ಲ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆಪಲ್ಲಿ ಬರ್ತದೆ, ಆದ್ರೆ ನೆಟ್ ಬೇಕು, ಯಾರಾದ್ರೂ ಹಾಟ್‌ಸ್ಪಾಟ್ ಕೊಡ್ಬೇಕು. ಕೆಲವು ಹಳೇ ಫೋನಲ್ಲಿ ಎಫ್ಎಂ ಐತೆ, ಅದಕ್ಕೆ ಇಯರ್‌ಫೋನ್ ವೈರೇ ಆಂಟೆನಾ. ಮನೇಲಿ ರೇಡಿಯೋ ಪ್ರಾಣ ಅನ್ನೋರು ಇದ್ರೆ ಸ್ಟೀರಿಯೋನೇ ರಿಪೇರಿ ಮಾಡ್ಸಿ, ನನ್ನ ಮಾತು ಕೇಳ್ಬೇಡಿ.

ಹೊಸಾ ಕಾರಿನೋರಂತೂ ಈ ತಂಟೆಗೆ ಹೋಗ್ಲೇಬೇಡಿ. ಅವುಗಳಲ್ಲಿ ಕ್ಯಾಮೆರಾ, ಸೆಟ್ಟಿಂಗು ಎಲ್ಲಾ ಆ ಸ್ಕ್ರೀನಿಗೇ ಅಂಟ್ಕೊಂಡಿರ್ತವೆ, ವೈರ್ ಕತ್ತರಿಸಿದ್ರೆ ವಾರಂಟಿಗೂ ತೊಂದ್ರೆ. ಸಣ್ಣ ಗಲ್ಲೀಲಿ ರಿವರ್ಸ್ ತೆಗೆಯೋರು, ಬಾಗಿಲಲ್ಲಿ ಮಕ್ಳು ಆಡೋ ಮನೆಯೋರು ಹಿಂದಿನ ಕ್ಯಾಮೆರಾಗೋಸ್ಕರ ಸ್ಕ್ರೀನ್ ಹಾಕ್ಸಿದ್ರೆ ಅದೂ ನ್ಯಾಯವೇ.

ಹಳೇ ಗಾಡಿ, ಕೆಟ್ಟ ಸ್ಟೀರಿಯೋ, ಬರೀ ಹಾಡಿನ ಆಸೆ ಅನ್ನೋರಿಗೆ ಮಾತ್ರ ನಾನು ಹೇಳೋದು. ದುಡ್ಡು ಉಳೀತದೆ, ಬೀರುವಿನ ಫೋನಿಗೊಂದು ಕೆಲ್ಸ ಸಿಗ್ತದೆ, ನಿಮ್ಮ ಮಾತು ನಿಮ್ಮ ಹತ್ರಾನೇ ಇರ್ತದೆ. ಗ್ಯಾರೇಜಿಗೆ ಗಾಡಿ ಹೋಗೋ ದಿನ ನೀವೂ ಜೊತೇಲಿ ಹೋಗಿ, ಆ ಮೂರು ಮಾತು ಕೇಳ್ಕೊಂಡೇ ಬನ್ನಿ.