ಹಾರ ಹಾಕಿದರೆ ಸಾಲದು



ಮಾರ್ಚ್ 8 ಬಂದರೆ ಸಂಘದ ಮುಂದಾಳುಗಳಿಗೆ ಶಾಲು, ಹಾರ. ಸಂತೋಷವೇ. ಆದರೆ ಮರುದಿನ ಅವರ ಬೆನ್ನಿಗೆ ಯಾರಿದ್ದಾರೆ?

2019ರ ಜನವರಿಯಲ್ಲಿ ನಮ್ಮ ರಾಯಚೂರೂ ಸೇರಿ ಹಲವು ಜಿಲ್ಲೆಗಳ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ, ಸುಮಾರು 200 ಕಿಲೋಮೀಟರ್, ಕಾಲ್ನಡಿಗೆಯಲ್ಲಿ ಹೋದರು. ಕೂಲಿ ಬಿಟ್ಟು ನಡೆದರು. ದಾರಿಯಲ್ಲಿ ಒಬ್ಬ ಸೋದರಿ ಅಪಘಾತದಲ್ಲಿ ಪ್ರಾಣ ಬಿಟ್ಟರು. ನಿಷೇಧ ಇನ್ನೂ ಬಂದಿಲ್ಲ. ಆದರೆ ಗಂಡನ ಕುಡಿತ, ಹೊಡೆತ ನಾಲ್ಕು ಗೋಡೆಯೊಳಗಿನ ಮಾತಲ್ಲ ಎಂದು ಅವರು ನಾಡಿಗೇ ಸಾರಿದರು.

ಇಂಥ ಧೈರ್ಯ ಪ್ರತಿ ಊರಿಗೂ ಬೇಕು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ನೆಲೆಸಿದ ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳನ್ನೇ ನೋಡಿ. ಮನೆಯಲ್ಲಿ ಬಂಗಾಳಿ, ಪೊಲೀಸ್ ಠಾಣೆಯಲ್ಲಿ ಕನ್ನಡ. ಏಟು ತಿಂದವಳ ಜೊತೆ ಹೋಗಿ ಅವಳ ನೋವನ್ನು ಕನ್ನಡದಲ್ಲಿ ಹೇಳುವವಳೇ ಅಲ್ಲಿ ನಿಜವಾದ ನಾಯಕಿ.

ಕಾನೂನು ಅಂಥವಳ ಪರವಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಂತೆ ನೆರೆಯವರು ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. 181ಕ್ಕೆ ಫೋನ್ ಮಾಡಿದರೂ ನೆರವು ಸಿಗುತ್ತದೆ.

ಆದರೆ ಠಾಣೆಗೆ ಹೋದ ದಿನ ಆಕೆಯ ಕೂಲಿ ಹೋಗುತ್ತದೆ. ಮೇಲೆ ‘ಸಂಸಾರ ಒಡೆಯುವವಳು’ ಎಂಬ ಬೈಗುಳ ಬೇರೆ. ಆದ್ದರಿಂದ ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಠರಾವು ಮಾಡೋಣ: ಅವಳ ಖರ್ಚು ಸಂಘದ್ದು, ಅವಳೊಂದಿಗೆ ಇನ್ನಿಬ್ಬರು ಹೋಗಬೇಕು. ವರದಕ್ಷಿಣೆಗೆಂದು ಸಂಘದಿಂದ ಸಾಲ ಕೊಡುವುದಿಲ್ಲ.

ನಮ್ಮ ನಾಯಕಿಯರಿಗೆ ನಾವು ಮಾಡುವ ಸನ್ಮಾನ ಇದೇ.