ಸೋತವರು ಮತ್ತೆ ಬರ್ತಾರೆ, ನಾವೇನು ಕೇಳೋಣ?

ಗೂಡಲೂರಿನ ಗೆಳೆಯರೇ, 2014 ನೆನಪಿದೆಯಾ? ನಮ್ಮ ನೀಲಗಿರಿ ಲೋಕಸಭಾ ಕ್ಷೇತ್ರದಲ್ಲಿ ಎ. ರಾಜಾ ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತ್ರು. 2ಜಿ ಕೇಸು ತಲೆ ಮೇಲಿತ್ತು. 2017ರ ಡಿಸೆಂಬರಿನಲ್ಲಿ ವಿಶೇಷ ನ್ಯಾಯಾಲಯ ಖುಲಾಸೆ ಮಾಡಿತು. 2019ರಲ್ಲಿ ಅದೇ ಕ್ಷೇತ್ರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದು ಬಂದ್ರು. 2024ರಲ್ಲೂ ಗೆದ್ರು.

ಅವರನ್ನ ಹೊಗಳೋಕೋ ತೆಗಳೋಕೋ ಈ ಮಾತಲ್ಲ. ಸೋತವರು ವಾಪಸ್ ಬರಬೇಕಾದ್ರೆ ನಮ್ಮ ಮನೆ ಬಾಗಿಲಿಗೇ ಬರಬೇಕು. ಆಗ ನಾವೇನು ಕೇಳಿದ್ವಿ?

ಅದೇ 2014ರಲ್ಲಿ ಈ ಕ್ಷೇತ್ರದಲ್ಲಿ 46,559 ಜನ ನೋಟಾ ಒತ್ತಿದ್ರು. ದೇಶದಲ್ಲೇ ಅತಿ ಹೆಚ್ಚು. ನಮ್ಮ ಸಿಟ್ಟು ಎಲ್ಲರಿಗೂ ಗೊತ್ತಾಯ್ತು, ಬೇಡಿಕೆ ಗೊತ್ತಾಗಲಿಲ್ಲ.

ನಾವು ಕಮ್ಮಿ ಜನ ಅಂತ ಸುಮ್ಮನಿರೋದು ಬೇಡ. ಈರೋಡು ಜಿಲ್ಲೆಯ ತಾಳವಾಡಿ ಕನ್ನಡಿಗರೂ ಭವಾನಿಸಾಗರದ ಮೂಲಕ ಇದೇ ಲೋಕಸಭಾ ಕ್ಷೇತ್ರಕ್ಕೆ ಓಟು ಹಾಕ್ತಾರೆ. ಗೂಡಲೂರಲ್ಲಿ 1969ರ ಜನ್ಮಂ ಕಾಯ್ದೆಯ ಸೆಕ್ಷನ್ 17 ಜಮೀನಿನಲ್ಲಿ ಪಟ್ಟಾ ಇಲ್ಲದೆ ಬದುಕೋರ ಗೋಳು. ತಾಳವಾಡಿಯಲ್ಲಿ ಕನ್ನಡ ಶಾಲೆಗಳ ಚಿಂತೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಕನ್ನಡ ಮಕ್ಕಳ ಪಾಡು ಎರಡೂ ಕಡೆ ಒಂದೇ. ಇವನ್ನ ಒಂದೇ ಕಾಗದದಲ್ಲಿ ಬರೆದ್ರೆ ಯಾರೂ ಪಕ್ಕಕ್ಕೆ ತಳ್ಳೋಕಾಗಲ್ಲ.

ಮುಂದಿನ ಸಲ ಸೋತವರೇ ಬರಲಿ, ಗೆದ್ದವರೇ ಬರಲಿ, ಹಾರ ಹಾಕೋ ಮೊದಲು ಆ ಕಾಗದ ಕೈಗಿಡೋಣ. ಕನ್ನಡದಲ್ಲೂ ಬರೆಯೋಣ, ತಮಿಳಲ್ಲೂ ಬರೆಯೋಣ. ಓದಿಲ್ಲ ಅನ್ನೋ ನೆಪ ಯಾರಿಗೂ ಸಿಗಬಾರದು.