ಗಡಿ ದಾಟುವ ಮೊದಲು ನಿಮ್ಮ ಫೈಲು ನೀವೇ ಓದಿ

"ಅಣ್ಣಾ, ನಾಳೆ ಬೆಂಗಳೂರಿಗೆ ಗಾಡಿ ತಗೊಂಡು ಹೊಂಟೀನಿ. ಫಾಸ್ಟ್ಯಾಗ್ ಚಾಲೂ ಐತೋ ಇಲ್ಲೋ ನೋಡಿ ಹೇಳ್ರಿ."

ದಾಳಿಂಬೆ ಮಾಲು ಹೊರಡುವ ಹೊತ್ತಿಗೆ ಜತ್ತ ಕಡೆಯ ಹುಡುಗರು ಬ್ಯಾಂಕಿನ ಕೌಂಟರಿಗೆ ಬಂದು ಹೀಗೆ ಕೇಳುವುದು ನಮಗೆ ಹೊಸದಲ್ಲ. ಈ ಸಲ ಬಂದವನಿಗೆ ಮಾತ್ರ ಅದು ಮೊದಲ ಟ್ರಿಪ್ಪು. ಎರಡು ವರ್ಷ ಕ್ಲೀನರ್ ಆಗಿ ದುಡಿದು, ಲೈಸೆನ್ಸ್ ಮಾಡಿಸಿ, ಈಗಷ್ಟೇ ಸ್ಟಿಯರಿಂಗ್ ಹಿಡಿದಿದ್ದ. ಬಗಲಲ್ಲಿ ಮಾಲೀಕರು ಕೊಟ್ಟ ಪ್ಲಾಸ್ಟಿಕ್ ಫೈಲು. ಒಳಗೆ ಏನೇನು ಅದಾವಪ್ಪಾ ಅಂದರೆ, "ಎಲ್ಲಾ ಐತಿ ಅಂತ ಸೇಠ್ ಹೇಳ್ಯಾರ್ರಿ" ಅಂದ. ಬಿಚ್ಚಿ ನೋಡಿದೆವು. ಗಾಡಿಯ ವಿಮೆ ಮುಗಿದು ಹನ್ನೊಂದು ದಿನ ಆಗಿತ್ತು.

ಅದು ಹುಡುಗನ ತಪ್ಪಲ್ಲ ಅಂತ ನಾವು ನೀವು ಅನ್ನಬಹುದು. ಕಾನೂನು ಹಾಗನ್ನುವುದಿಲ್ಲ. ವಿಮೆ ಇಲ್ಲದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 196ನೇ ಕಲಮಿನ ಪ್ರಕಾರ ಮೊದಲ ಸಲಕ್ಕೇ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಓಡಿಸಲು ಬಿಟ್ಟವನಿಗೂ ಅದೇ, ಓಡಿಸಿದವನಿಗೂ ಅದೇ. ಸೇಠ್ ಜತ್ತದಲ್ಲಿ ಇರುತ್ತಾರೆ. ರಸ್ತೆಯಲ್ಲಿ ನಿಲ್ಲುವವರು ನೀವು.

ಅದಕ್ಕೇ ಮೊದಲ ಸಲ ರಾಜ್ಯದ ಗಡಿ ದಾಟುವ ತಮ್ಮಂದಿರಿಗೆ ನಾವು ಹೇಳುವುದು ಒಂದೇ ಮಾತು: ನಿಮ್ಮ ಫೈಲು ನೀವೇ ಓದಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ.

ಹೊರಡುವ ಹಿಂದಿನ ದಿನ ಚಹಾ ಕುಡಿಯುವಷ್ಟು ಹೊತ್ತು ಸಾಕು. ಆರ್‌ಸಿ, ವಿಮೆ, ಫಿಟ್‌ನೆಸ್, ಹೊಗೆ ತಪಾಸಣೆ, ತೆರಿಗೆ, ನ್ಯಾಷನಲ್ ಪರ್ಮಿಟ್ - ಒಂದೊಂದರ ಮುಗಿಯುವ ತಾರೀಕನ್ನೂ ಬೆರಳಿಟ್ಟು ನೋಡಿ. ನ್ಯಾಷನಲ್ ಪರ್ಮಿಟ್‌ನ ಅಧಿಕಾರಪತ್ರ ವರ್ಷವರ್ಷ ನವೀಕರಿಸಬೇಕು, ಬಹಳ ಜನ ಎಡವುವುದು ಅಲ್ಲೇ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ 7,500 ಕೆಜಿ ದಾಟಿದ್ದರೆ ಎಲ್‌ಎಂವಿ ಲೈಸೆನ್ಸ್ ನಡೆಯುವುದಿಲ್ಲ. ಅಷ್ಟರೊಳಗಿನ ಸರಕು ಗಾಡಿಗೆ ಅದೇ ಸಾಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಡಿಜಿಲಾಕರ್, ಎಂ-ಪರಿವಾಹನ್‌ನಲ್ಲಿ ಇರುವ ದಾಖಲೆಗೂ ಕಾನೂನಿನ ಮಾನ್ಯತೆ ಇದೆ, ಫೋನಿನಲ್ಲಿ ಇಳಿಸಿಟ್ಟುಕೊಳ್ಳಿ.

ತೂಕದ ವಿಷಯದಲ್ಲಿ ಮುಲಾಜು ಬೇಡ. "ಇನ್ನೊಂದು ಟನ್ ಏನೂ ಆಗಲ್ಲ ಬಿಡೋ" ಅನ್ನುವವರು ದಂಡ ಕಟ್ಟಲು ಬರುವುದಿಲ್ಲ. 2019ರ ತಿದ್ದುಪಡಿ ಆದಮೇಲೆ ಕೇಂದ್ರ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಮಾಲು ಇಳಿಸುವ ಖರ್ಚು ಬೇರೆ.

ಇನ್ನು ಇ-ವೇ ಬಿಲ್. ನಮ್ಮ ಹುಡುಗರು ಮೋಸ ಹೋಗುವುದು ಹೋಗುವಾಗ ಅಲ್ಲ, ಬರುವಾಗ. ತಾಜಾ ದಾಳಿಂಬೆಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಇ-ವೇ ಬಿಲ್ಲೂ ಬೇಕಿಲ್ಲ. ಮಾಲಿನ ಬಿಲ್ಲು, ಬಿಲ್ಟಿ ಇದ್ದರೆ ಆಯಿತು. ಹಣ್ಣು ಇಳಿಸಿ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತುಂಬಿಕೊಂಡಿರಿ ಅನ್ನಿ, ಆಗ ಲೆಕ್ಕ ಪೂರ್ತಿ ಬೇರೆ. ತೆರಿಗೆ ಇರುವ ಮಾಲು 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕೇ ಬೇಕು. "ಹೋಗುವಾಗ ಯಾರೂ ಕೇಳಲೇ ಇಲ್ಲ" ಅನ್ನುವುದು ಅಲ್ಲಿ ಉತ್ತರ ಅಲ್ಲ.

ಆ ಬಿಲ್ಲಿನಲ್ಲಿ ಮೂರು ನೋಡಿ. ಪಾರ್ಟ್-ಬಿಯಲ್ಲಿ ನಿಮ್ಮ ಗಾಡಿ ನಂಬರೇ ಇದೆಯಾ? ಮಾಲು, ತೂಕ ಹೊಂದುತ್ತಾ? ಅವಧಿ ಯಾವತ್ತಿಗೆ ಮುಗಿಯುತ್ತೆ? 200 ಕಿ.ಮೀ.ಗೆ ಒಂದು ದಿನದ ಲೆಕ್ಕ, ಅಂದರೆ 600 ಕಿ.ಮೀ. ದಾರಿಗೆ ಮೂರು ದಿನ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ ಎಂಟು ತಾಸು ಮೊದಲಿನಿಂದ ಎಂಟು ತಾಸು ನಂತರದವರೆಗೆ ಮಾತ್ರ ವಿಸ್ತರಿಸಬಹುದು. ಬೇರೆ ಗಾಡಿಗೆ ಮಾಲು ಬದಲಿಸಿದರೆ ಪಾರ್ಟ್-ಬಿಯಲ್ಲಿ ಆ ನಂಬರ್ ಹಾಕಿಸದೆ ಹೊರಡಬೇಡಿ.

ಇನ್ನೊಂದು ಬಲೆ ಧಾಬಾದಲ್ಲಿ ಇರುತ್ತೆ. "ಖಾಲಿ ಹೋಗ್ತಿದೀಯಲ್ಲ, ಚಿತ್ರದುರ್ಗಕ್ಕೆ ನಾಲ್ಕು ಟನ್ ಹಾಕ್ಕೊಂಡು ಹೋಗು." ನಿಮ್ಮದು ಎಂಎಚ್ ನಂಬರ್ ಗಾಡಿ. ನ್ಯಾಷನಲ್ ಪರ್ಮಿಟ್ ಇಟ್ಟುಕೊಂಡು ಬೇರೊಂದು ರಾಜ್ಯದ ಒಳಗೇ ತುಂಬಿ, ಅದೇ ರಾಜ್ಯದ ಒಳಗೇ ಇಳಿಸುವಂತಿಲ್ಲ. ಬೆಂಗಳೂರಿನಿಂದ ಜತ್ತಕ್ಕೆ ಸರಿ, ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ತಪ್ಪು.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಮೇಲೆ ಗಡಿಯ ತೆರಿಗೆ ಚೆಕ್‌ಪೋಸ್ಟ್ ಹೋದವು, ತಪಾಸಣೆ ಹೋಗಿಲ್ಲ. ರಸ್ತೆಯಲ್ಲಿ ಎಲ್ಲಿ ಬೇಕಾದರೂ ಕೈ ಅಡ್ಡ ಬರಬಹುದು. ಜಿಎಸ್‌ಟಿಯವರು ನಿಲ್ಲಿಸಿ ಕಾಗದದಲ್ಲಿ ಹೆಚ್ಚುಕಮ್ಮಿ ಕಂಡರೆ ಚಾಲಕನ ಹೇಳಿಕೆ ಬರೆಸಿಕೊಳ್ಳುತ್ತಾರೆ, ಅದರ ಹೆಸರು ಎಂಒವಿ-01. ಅದು ಇಂಗ್ಲಿಷಿನಲ್ಲಿ ಇದ್ದರೆ, "ಸಾಹೇಬ್ರ, ಇದರಾಗ ಏನು ಬರದೀರಿ, ಓದಿ ಹೇಳ್ರಿ" ಅನ್ನಿ. ಹಾಗೆ ಕೇಳುವುದು ಉದ್ಧಟತನ ಅಲ್ಲ. ಫೋಟೋ ತೆಗೆದು ಮಾಲೀಕರಿಗೆ ಕಳಿಸಿ, ಆಮೇಲೆ ಸಹಿ ಹಾಕಿ. ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಗಾಡಿ ತಡೆದರೆ ಇ-ವೇ ಪೋರ್ಟಲ್‌ನಲ್ಲೇ ಅದನ್ನು ದಾಖಲಿಸಬಹುದು, ಇಡಬ್ಲ್ಯೂಬಿ-04 ಅಂತ ನಮೂನೆ ಇದೆ. ಒಮ್ಮೆ ಮಾಲು ಬಿಚ್ಚಿ ತಪಾಸಣೆ ಆದಮೇಲೆ, ತೆರಿಗೆ ತಪ್ಪಿಸಿದ ಖಚಿತ ಮಾಹಿತಿ ಇಲ್ಲದೆ ಮತ್ತೆ ಬಿಚ್ಚಿಸುವಂತಿಲ್ಲ. ಯಾರದಾದರೂ ಮೇಲೆ ದೂರು ಕೊಡಬೇಕಾದರೆ ಸಂವಿಧಾನದ 350ನೇ ವಿಧಿ ನೆನಪಿರಲಿ. ಆ ರಾಜ್ಯದಲ್ಲಾಗಲಿ ಒಕ್ಕೂಟದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡುವ ಹಕ್ಕು ಎಲ್ಲರಿಗೂ ಇದೆ.

ಈಗ ಸ್ವಲ್ಪ ನೋವಿನ ಮಾತು. ಆ ಹುಡುಗನ ಮನೆಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆಯಲ್ಲಿ. ಮಾತಾಡಲು ಕೂತರೆ ನಮ್ಮನ್ನೇ ಮೀರಿಸುತ್ತಾನೆ, ಓದಲು ಬರುವುದಿಲ್ಲ. ವಿಜಯಪುರ ದಾಟಿದ ಮೇಲೆ 'ಭಾರಿ ವಾಹನಗಳಿಗೆ ಪ್ರವೇಶವಿಲ್ಲ', 'ಬದಲಿ ಮಾರ್ಗ', 'ಕಾಮಗಾರಿ ನಡೆಯುತ್ತಿದೆ' ಅನ್ನುವ ಬೋರ್ಡುಗಳು ಅವನ ಪಾಲಿಗೆ ಬರೀ ಗೆರೆ. ತನ್ನ ಭಾಷೆಯ ನಾಡಿಗೇ ಹೋಗಿ ದಾರಿ ತಪ್ಪಬೇಕಾದ ಪರಿಸ್ಥಿತಿ. ಆದೋನಿಯಲ್ಲಿ ತೆಲುಗು, ಹೊಸೂರಿನಲ್ಲಿ ತಮಿಳು ಶಾಲೆಗೆ ಹೋದ ಎಷ್ಟು ಮಂದಿಯದು ಇದೇ ಕಥೆ ಅಲ್ಲವೇ? ಮಾತು ಬರುವವರಿಗೆ ಅಕ್ಷರ ಕಲಿಯಲು ಒಂದೆರಡು ತಿಂಗಳು ಸಾಕು. ಕನ್ನಡ ಅಂಕಿಯನ್ನೂ ಕಲಿಯಿರಿ. ಅಭಿಮಾನಕ್ಕೆ ಬೇಡ, ಡ್ಯೂಟಿಗೆ ಅಂತಲೇ ಕಲಿಯಿರಿ.

ತಾಳವಾಡಿ, ವಯನಾಡು, ನೀಲಗಿರಿ ಕಡೆಯವರಿಗೆ ಕಾಡಿನ ಸಮಯವೂ ಗೊತ್ತಿರಬೇಕು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲ. 27 ತಿರುವುಗಳ ದಿಂಬಂ ಘಾಟಿನಲ್ಲಿ ರಾತ್ರಿ ನಿರ್ಬಂಧ, ಭಾರದ ಮಿತಿ ಎರಡೂ ಇವೆ. ಇದು ತಿಳಿಯದೆ ಹೊರಟರೆ ತರಕಾರಿ ಗೇಟಿನಲ್ಲೇ ಬಾಡುತ್ತೆ.

ಕೊನೆಗೆ ಬ್ಯಾಂಕಿನವರಾಗಿ ಎರಡು ಮಾತು. ಭತ್ಯೆ ಎಷ್ಟು, ಡೀಸೆಲ್, ಟೋಲ್ ಯಾರದು, ಮಾಲು ಇಳಿಸಲು ತಡವಾಗಿ ನಿಂತರೆ ದಿನಕ್ಕೆ ಎಷ್ಟು - ಇಷ್ಟನ್ನೂ ಹೊರಡುವ ಮೊದಲೇ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಟ್ರಿಪ್ಪು ಮುಗಿಯುವ ಹೊತ್ತಿಗೆ ಮರೆತುಹೋಗಿರುತ್ತೆ. ಎರಡನೆಯದು, ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ ಜ್ಯೋತಿ ಬಿಮಾ ಎರಡನ್ನೂ ಮಾಡಿಸಿ. ಒಂದೊಂದರಲ್ಲೂ 2 ಲಕ್ಷ ರೂಪಾಯಿ ರಕ್ಷಣೆ. ಮೇ ಕೊನೆಯಲ್ಲಿ ದುಡ್ಡು ಕಟಾವಾಗುತ್ತೆ, ಆಗ ಖಾತೆಯಲ್ಲಿ 500 ರೂಪಾಯಿಯಾದರೂ ಇರಲಿ. ನಾಮಿನಿ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇದೆಯಾ ನೋಡಿ. ನಮ್ಮ ಮಲ್ಲಪ್ಪ ಒಂದು ಕಾಗದದಲ್ಲಿ ಮಲ್ಲಪ್ಪ, ಇನ್ನೊಂದರಲ್ಲಿ ಮಲಾಪ್ಪಾ ಆಗಿರುತ್ತಾನೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಬರೀ ಹೆಸರಿನ ಒಂದಕ್ಷರಕ್ಕಾಗಿ ಅಫಿಡವಿಟ್ಟು ಹಿಡಿದು ಮತ್ತೆ ಮತ್ತೆ ಓಡಾಡಿದ್ದನ್ನು ನಾವು ಕೌಂಟರಿನ ಈಚೆ ಕೂತು ನೋಡಿದ್ದೇವೆ.

ನಿದ್ದೆ ಬಂದರೆ ಗಾಡಿ ಬದಿಗೆ ಹಾಕಿ. ದಿನಕ್ಕೆ ಎಂಟು ತಾಸು ಕೆಲಸ ಅಂತ ಕಾನೂನೇ ಹೇಳುತ್ತೆ. ಹೆದ್ದಾರಿಯಲ್ಲಿ ತೊಂದರೆ ಆದರೆ 1033, ಯಾವುದೇ ತುರ್ತಿಗೆ 112.

ಆ ಹುಡುಗ ಅಂದು ಹೊರಡಲಿಲ್ಲ. ನಮ್ಮೆದುರೇ ಸೇಠ್‌ಗೆ ಫೋನ್ ಮಾಡಿದ. ಮೊದಲು ಬೈಗುಳ ಬಂತು, ಸಂಜೆಗೆ ಹೊಸ ಪಾಲಿಸಿಯೂ ಬಂತು. ಒಂದು ದಿನ ತಡವಾಗಿ ಹಣ್ಣು ಬೆಂಗಳೂರು ಮುಟ್ಟಿತು. ನಿಮ್ಮ ಊರಿನಲ್ಲೂ ಮೊದಲ ಟ್ರಿಪ್ಪಿಗೆ ಹೊರಟ ತಮ್ಮ ಒಬ್ಬ ಇದ್ದೇ ಇರುತ್ತಾನೆ. ಇವತ್ತೇ ಅವನ ಪಕ್ಕ ಕೂತು ಫೈಲು ಬಿಚ್ಚಿಸಿ.